ಮಾರುತಿ 800: ಮುಳ್ಳು ಓಡುತ್ತಿದೆ, ಕಿಲೋಮೀಟರ್ ಅಂಕಿ ಮಾತ್ರ ನಿಂತಿದೆ

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1996ರ ಮಾರುತಿ 800 ಇದೆ. ಅಪ್ಪ ಕೊಂಡ ಗಾಡಿ, ಈಗ ಓಡಿಸುವವನು ನಾನು. ಹೋದ ತಿಂಗಳು ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವಾಗ ಓಡೋಮೀಟರ್ 89,999ಕ್ಕೆ ಬಂದು ನಿಂತುಬಿಟ್ಟಿತು. ಕೊನೆಯ ಚಕ್ರದಲ್ಲಿ 9 ಅರ್ಧ, 0 ಅರ್ಧ ಕಾಣುತ್ತಿದೆ. ಅದರ ಎಡಗಡೆಯ 9ಗಳೂ ಸಾಲಿನಿಂದ ಕೂದಲೆಳೆಯಷ್ಟು ಸರಿದು ನಿಂತಿವೆ. ವೇಗದ ಮುಳ್ಳು ಮಾತ್ರ ಮೊದಲಿನಂತೆಯೇ ಕೆಲಸ ಮಾಡುತ್ತಿದೆ.

ಒಬ್ಬ ಮೆಕ್ಯಾನಿಕ್ ಇಡೀ ಮೀಟರ್ ಬದಲಿಸಿ ಎಂದರು. ಇನ್ನೊಬ್ಬರು, ಹಳೆಯ ಗಾಡಿಗೆ ಅದೆಲ್ಲ ಯಾಕೆ, ಹಾಗೆಯೇ ಓಡಿಸಿ ಎಂದರು. ನನಗೆ ಎರಡೂ ಒಪ್ಪಿಗೆಯಿಲ್ಲ. ಆಯಿಲ್ ಬದಲಿಸಿದ್ದು, ಬ್ರೇಕ್ ಶೂ ಹಾಕಿಸಿದ್ದು, ಎಲ್ಲವನ್ನೂ ಅಪ್ಪ ಕಿಲೋಮೀಟರ್ ಲೆಕ್ಕದಲ್ಲಿ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಆ ಅಂಕಿ ಬದಲಾದರೆ ಲೆಕ್ಕವೆಲ್ಲ ಬುಡಮೇಲಾಗುತ್ತದೆ. ಇದೇ ಮೀಟರನ್ನು ರಿಪೇರಿ ಮಾಡಲು ಸಾಧ್ಯವೇ? ನಿಂತ ಮೇಲೆ ಓಡಿದ ದೂರವನ್ನು ಅಂಕಿಗೆ ಸೇರಿಸಬೇಕೇ?

ಸ್ಪ್ಯಾನರ್_ಸೆಟ್:
ಮೀಟರ್ ಕೇಬಲ್ ಹೋಗಿದೆ. ಹೊಸದು ಹಾಕಿಸಿ, ಮುಗಿಯಿತು.

ಗೇರುಪೆಟ್ಟಿಗೆ:
ಇಲ್ಲ ಸರ್. ಕೇಬಲ್ ಹೋಗಿದ್ದರೆ ಮುಳ್ಳು ಹೇಗೆ ಏಳುತ್ತದೆ? ಎರಡಕ್ಕೂ ಮೂಲ ಒಂದೇ.

ಗೇರ್ ಬಾಕ್ಸಿನಿಂದ ಬರುವ ಕೇಬಲ್ ಮೀಟರಿನ ಹಿಂಭಾಗದ ಒಂದು ದಂಡವನ್ನು ತಿರುಗಿಸುತ್ತದೆ. ದಂಡದ ತುದಿಯಲ್ಲಿ ಆಯಸ್ಕಾಂತ ಇರುತ್ತದೆ, ಅದಕ್ಕೆ ತಾಗದ ಹಾಗೆ ಅಲ್ಯುಮಿನಿಯಂ ಬಟ್ಟಲೊಂದು ಕೂತಿರುತ್ತದೆ. ಆಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದನ್ನೂ ಎಳೆಯುತ್ತದೆ. ಕೂದಲಿನಂಥ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ಈ ಎರಡರ ಜಗ್ಗಾಟ ಎಲ್ಲಿ ಸಮವಾಗುತ್ತದೆಯೋ ಅಲ್ಲಿ ಮುಳ್ಳು ನಿಲ್ಲುತ್ತದೆ. ಅಂಕಿಗಳ ದಾರಿ ಬೇರೆ: ಅದೇ ದಂಡದ ಮೇಲೆ ಕೊರೆದಿರುವ ಸುರುಳಿ ಹಲ್ಲು ಸಣ್ಣ ಪ್ಲಾಸ್ಟಿಕ್ ಗೇರನ್ನು ತಿರುಗಿಸುತ್ತದೆ, ಅದು ಅಡ್ಡ ದಂಡವನ್ನು, ಅಡ್ಡ ದಂಡ ಬಲತುದಿಯ ಅಂಕಿಚಕ್ರವನ್ನು.

ಹಾಗಾಗಿ ಎರಡೂ ನಿಂತಿದ್ದರೆ ಕೇಬಲ್ ಅಥವಾ ಗೇರ್ ಬಾಕ್ಸ್ ತುದಿಯ ಗೇರ್. ಮುಳ್ಳು ನಿಂತು ಅಂಕಿ ಓಡುತ್ತಿದ್ದರೆ ಬಟ್ಟಲು ಅಥವಾ ಸ್ಪ್ರಿಂಗ್. ಮುಳ್ಳು ಓಡಿ ಅಂಕಿ ನಿಂತಿದ್ದರೆ ದೋಷ ಮೀಟರಿನ ಒಳಗೇ, ಆ ಸಣ್ಣ ಗೇರುಗಳ ಸಾಲಿನಲ್ಲಿ. ಮೂಲ ಬರಹದವರೇ ಸ್ಪಷ್ಟವಾಗಿ ತಿಳಿಸಿದ್ದಾರೆ, ಅವರ ಮುಳ್ಳು ಓಡುತ್ತಿದೆ.

ಸ್ಪ್ಯಾನರ್_ಸೆಟ್:
ವಿವರಣೆ ಒಪ್ಪುತ್ತೇನೆ. ಆದರೂ ಕೇಬಲನ್ನು ಪೂರ್ತಿ ಬಿಟ್ಟುಬಿಡಬೇಡಿ. ಒಳತಂತಿ ಒಣಗಿ ಬಿಗಿಯಾಗಿದ್ದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ತಿರುಗುತ್ತದೆ. ಆ ಹೊಡೆತ ಬೀಳುವುದು ನೀವು ಹೇಳುವ ಅದೇ ಸಣ್ಣ ಗೇರಿನ ಮೇಲೆ. ಗೇರ್ ಬದಲಿಸಿ ಅದೇ ಕೇಬಲ್ ಹಾಕಿದರೆ ಆರು ತಿಂಗಳಲ್ಲಿ ಮತ್ತೆ ಇಲ್ಲಿಗೇ ಬಂದು ಕೇಳುತ್ತಾರೆ. ಮುಳ್ಳು ನಡುಗುತ್ತದೆಯೇ?

ತುಂಗಾತೀರ:
ನಿಧಾನವಾಗಿ ಹೋಗುವಾಗ, 20–30ರಲ್ಲಿ, ಸ್ವಲ್ಪ ನಡುಗುತ್ತದೆ. ವೇಗ ಹೆಚ್ಚಿದರೆ ಸ್ಥಿರವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ಕಿರಿಕಿರಿ ಸದ್ದೂ ಬರುತ್ತದೆ.

ಸ್ಪ್ಯಾನರ್_ಸೆಟ್:
ನೋಡಿದಿರಾ! ಕೇಬಲ್ ಗ್ರೀಸ್ ಕಂಡು ಎಷ್ಟು ಕಾಲವಾಗಿದೆಯೋ.

ಪದ್ಮಿನಿ_ಪ್ರಿಯ:
89,999ರಲ್ಲೇ ನಿಂತಿದ್ದು ಆಕಸ್ಮಿಕವಲ್ಲ. ಸಾಮಾನ್ಯವಾಗಿ ಒಂದು ಹೊತ್ತಿಗೆ ತಿರುಗುವುದು ಬಲತುದಿಯ ಚಕ್ರ ಒಂದೇ. ಅದು 9ರಿಂದ 0ಗೆ ಹೊರಳುವಾಗ ಪಕ್ಕದ ಪಿನಿಯನ್ನನ್ನು, ಅಂದರೆ ಎರಡು ಚಕ್ರಗಳ ನಡುವಿನ ಪುಟ್ಟ ಗೇರನ್ನು, ತಳ್ಳಿ, ಎಡಗಡೆಯ ಚಕ್ರವನ್ನು ಒಂದು ಅಂಕಿ ಮುಂದಕ್ಕೆ ದಾಟಿಸುತ್ತದೆ. 89,999ರಿಂದ 90,000ಕ್ಕೆ ಹೋಗುವಾಗ ಎಲ್ಲ ಚಕ್ರಗಳೂ ಒಟ್ಟಿಗೆ ಹೊರಳಬೇಕು. ಇಡೀ ಸಾಲಿನ ಭಾರ ಆ ಒಂದು ಗೇರಿನ ಮೇಲೆ. ಮೊದಲೇ ಬಿರುಕು ಬಿಟ್ಟಿದ್ದ ಗೇರ್ ಅಲ್ಲಿ ಕೈಕೊಡುತ್ತದೆ. ನಮ್ಮ ಪ್ರೀಮಿಯರ್ ಪದ್ಮಿನಿಯಲ್ಲಿ 49,999 ದಾಟುವಾಗ ಇದೇ ಆಯಿತು. ಬಿಚ್ಚಿ ನೋಡಿದರೆ ಗೇರ್ ಒಡೆದಿರಲಿಲ್ಲ, ದಂಡದ ಮೇಲೆ ಹಿಡಿತ ಕಳೆದುಕೊಂಡು ಸುಮ್ಮನೆ ಜಾರುತ್ತಿತ್ತು. ಎಡಗಡೆಯ 9ಗಳೂ ಸರಿದು ನಿಂತಿವೆ ಎಂದು ಬರೆದಿದ್ದೀರಲ್ಲ, ನಿಮ್ಮದೂ ಹೊರಳುವ ನಡುವೆಯೇ ಸಿಕ್ಕಿಕೊಂಡಿದೆ.

ಗುಜರಿ_ಗೆಳೆಯ:
ಇಷ್ಟೆಲ್ಲ ಕಷ್ಟ ಯಾಕೆ ಸ್ವಾಮಿ? ಬೆಂಗಳೂರಿಗೆ ಬಂದಾಗ ಶಿವಾಜಿನಗರದ ಗುಜರಿಗೆ ಒಂದು ಸುತ್ತು ಹಾಕಿ. 800ರ ಮೀಟರ್ ಬೇಕಾದಷ್ಟು ಸಿಗುತ್ತದೆ. ಚೌಕಾಸಿ ಮಾಡಿ ತಂದು ಕೂರಿಸಿದರೆ ಅರ್ಧ ಗಂಟೆಯ ಕೆಲಸ. ಹೊಸದೇ ಬೇಕೆಂದರೆ ಜೆ.ಸಿ. ರಸ್ತೆಯಲ್ಲಿ ಕೇಳಿ.

ತುಂಗಾತೀರ:
ಆ ಮೀಟರಿನಲ್ಲಿ ಇನ್ನಾರದೋ ಗಾಡಿಯ ಅಂಕಿ ಇರುತ್ತದೆ. ನನಗೆ ನಮ್ಮದೇ ಅಂಕಿ ಬೇಕು.

ಗುಜರಿ_ಗೆಳೆಯ:
ಅಂಕಿ ತಿರುಗಿಸಿ ಕೊಡುವವರೂ ಅಲ್ಲೇ ಇದ್ದಾರೆ.

ಕರಿಕೋಟು:
ತಿರುಗಿಸಿ ಕೊಡುವವರು ಇದ್ದಾರೆ ಎಂಬುದೇ ಈ ದೇಶದ ಹಳೆಯ ಕಾರು ಮಾರುಕಟ್ಟೆಯ ದೊಡ್ಡ ರೋಗ. ಗುಜರಿ_ಗೆಳೆಯ ಅವರೇ, ನೀವು ಕೆಟ್ಟ ಉದ್ದೇಶದಿಂದ ಹೇಳಿಲ್ಲ ಎಂದು ಗೊತ್ತು. ಆದರೆ ಕಡಿಮೆ ಓಡಿದ ಗಾಡಿ ಎಂದು ತೋರಿಸಿ ಮಾರುವುದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಇರುವುದೇ ವಂಚನೆಗೆ, ಹಿಂದೆ ದಂಡ ಸಂಹಿತೆಯ 420 ಇತ್ತು. ವ್ಯಾಪಾರಿಯಿಂದ ಕೊಂಡವರು ಗ್ರಾಹಕರ ಆಯೋಗಕ್ಕೂ ಹೋಗಬಹುದು.

ಮೂಲ ಬರಹದವರ ಸಂಗತಿ ಬೇರೆ. ಕೆಟ್ಟದ್ದನ್ನು ಸರಿಮಾಡುವುದು ತಪ್ಪಲ್ಲ. ಬೇರೆ ಮೀಟರ್ ಹಾಕಿ ಹಳೆಯ ಮೀಟರಿನ ಅಂಕಿಗೇ ಹೊಂದಿಸಿದರೂ ಅದರಲ್ಲಿ ಮೋಸವಿಲ್ಲ. ಬಿಲ್ಲು ಇಟ್ಟುಕೊಳ್ಳಿ, ಬಿಚ್ಚುವ ಮೊದಲು ಅಂಕಿಯ ಫೋಟೋ ತೆಗೆಯಿರಿ, ಸರ್ವೀಸ್ ಪುಸ್ತಕದಲ್ಲಿ ದಿನಾಂಕ ಸಮೇತ ಬರೆಯಿರಿ. ಮುಂದೆ ಮಾರುವುದಾದರೆ ಕೊಳ್ಳುವವರಿಗೆ ಅದನ್ನು ತೋರಿಸಿ.

ಜೆರ್ಸಿ_ಕನ್ನಡಿಗ:
ಅಮೆರಿಕದಲ್ಲಿ ಇದಕ್ಕೆ ಒಕ್ಕೂಟದ ಕಾನೂನೇ ಇದೆ. ರಿಪೇರಿ ಮಾಡಿದ ಮೇಲೆ ಮೊದಲಿನ ಅಂಕಿಯನ್ನೇ ತೋರಿಸುವಂತೆ ಮಾಡಲು ಆಗದಿದ್ದರೆ, ಮೀಟರನ್ನು ಸೊನ್ನೆಗೆ ತಂದು, ಮೊದಲು ಎಷ್ಟಿತ್ತು, ಯಾವ ದಿನ ರಿಪೇರಿಯಾಯಿತು ಎಂಬ ಚೀಟಿಯನ್ನು ಎಡಬಾಗಿಲಿನ ಚೌಕಟ್ಟಿಗೆ ಅಂಟಿಸಬೇಕು. ಮೋಸ ಮಾಡುವ ಉದ್ದೇಶದಿಂದ ಆ ಚೀಟಿ ಕಿತ್ತರೂ ಅಪರಾಧ.

ನನ್ನ ಬಳಿ ಹಳೆಯ ವೋಲ್ವೋ 240 ಇದೆ. ಈ ಮಾಡೆಲ್ಲಿಗೆ ಓಡೋಮೀಟರ್ ರೋಗ ಎಷ್ಟು ಸಾಮಾನ್ಯವೆಂದರೆ, ಒಳಗಿನ ಪುಟ್ಟ ಪ್ಲಾಸ್ಟಿಕ್ ಗೇರನ್ನೇ ತಯಾರಿಸಿ ಮಾರುವವರು ಇದ್ದಾರೆ. ವಯಸ್ಸಾದಂತೆ ಆ ಪ್ಲಾಸ್ಟಿಕ್ ಮೆತ್ತಗಾಗಿ ಮುಟ್ಟಿದರೆ ಉದುರುತ್ತದೆ. ಬಿಎಂಡಬ್ಲ್ಯು ಇ30ಯದೂ ಇದೇ ಕಥೆ. ಟ್ರಿಪ್ ಮೀಟರ್ (ಒಂದೊಂದು ಪ್ರಯಾಣದ ದೂರ ನೋಡಲು ಸೊನ್ನೆ ಮಾಡಬಹುದಾದ ಸಣ್ಣ ಅಂಕಿಸಾಲು) ಇರುವ ಗಾಡಿಯವರು ಗಮನಿಸಿ: ಗಾಡಿ ಓಡುತ್ತಿರುವಾಗ ಟ್ರಿಪ್ಪನ್ನು ಸೊನ್ನೆ ಮಾಡಬೇಡಿ. ಹಲ್ಲು ಮುರಿಯಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಲೇತ್_ಮನೆ:
ನಮ್ಮದು ಹುಬ್ಬಳ್ಳಿಯಲ್ಲಿ ಲೇತ್ ಕೆಲಸದ ಮನೆ. ಮಾವನವರು ಒಂದು ಕಾಲದಲ್ಲಿ ಆಟೋ ಮೀಟರುಗಳನ್ನೂ ರಿಪೇರಿ ಮಾಡುತ್ತಿದ್ದರು, ಆ ಕೆಲಸವನ್ನು ಅವರ ಪಕ್ಕದಲ್ಲಿ ಕುಳಿತು ಕಲಿತವಳು ನಾನು. ತುಂಗಾತೀರ ಅವರೇ, ಇದು ಮನೆಯಲ್ಲೇ ಆಗುವ ಕೆಲಸ, ಆದರೆ ಅವಸರ ಕೂಡದು.

ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಮೀಟರಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ತಿರುಪು ತೆಗೆದು, ಮೀಟರನ್ನು ಸ್ವಲ್ಪ ಮುಂದಕ್ಕೆ ಎಳೆದು, ಹಿಂದಕ್ಕೆ ಕೈ ಹಾಕಿದರೆ ಕೇಬಲಿನ ಕ್ಲಿಪ್ ಬೆರಳಿಗೆ ಸಿಗುತ್ತದೆ. ಅದನ್ನು ಒತ್ತಿ ಬಿಡಿಸಿ. ಎಳೆದಾಡಬೇಡಿ, ಹಿಂಭಾಗದ ತೆಳು ತಾಮ್ರದ ಹಾಳೆ ಹರಿದರೆ ಪೆಟ್ರೋಲ್ ಮುಳ್ಳೂ ದೀಪಗಳೂ ಹೋಗುತ್ತವೆ.

ಮುಳ್ಳು ತೆಗೆಯುವುದು ನಾಜೂಕಿನ ಕೆಲಸ. ಸೊನ್ನೆಯ ಬಳಿ ಮುಳ್ಳನ್ನು ತಡೆದು ನಿಲ್ಲಿಸುವ ಗೂಟದಿಂದ ಅದನ್ನು ಮೆಲ್ಲಗೆ ಎತ್ತಿ ದಾಟಿಸಿ, ಸ್ಪ್ರಿಂಗ್ ಪೂರ್ತಿ ಸಡಿಲವಾದಾಗ ಅದು ಎಲ್ಲಿ ನಿಲ್ಲುತ್ತದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ವಾಪಸ್ ಕೂರಿಸುವಾಗ ಅದೇ ಗುರುತಿಗೆ ಒತ್ತಿ, ಆಮೇಲೆ ಗೂಟ ದಾಟಿಸಿ. ಈ ಗುರುತು ತಪ್ಪಿದರೆ ವೇಗ ಸುಳ್ಳಾಗುತ್ತದೆ. ತೆಗೆಯಲು ಎರಡೂ ಕಡೆ ಟೀ ಚಮಚ ಇಟ್ಟು ಸಮವಾಗಿ ಮೇಲಕ್ಕೆತ್ತಿ, ಅಡಿಯಲ್ಲಿ ರಟ್ಟಿನ ಚೂರು ಇರಲಿ, ಇಲ್ಲದಿದ್ದರೆ ಡಯಲಿನ ಮೇಲೆ ಗೀರು ಬೀಳುತ್ತದೆ.

ಈಗ ಅಡ್ಡ ದಂಡ ಕಾಣುತ್ತದೆ. ಕೇಬಲ್ ಕೂರುವ ಚೌಕದ ತೂತಿಗೆ ಚೌಕ ತುದಿಯ ಕಡ್ಡಿ ಇಟ್ಟು ಬೆರಳಿನಲ್ಲಿ ತಿರುಗಿಸಿ, ಪ್ರತಿ ಗೇರನ್ನೂ ಭೂತಗನ್ನಡಿಯಲ್ಲಿ ನೋಡಿ. ದಂಡ ತಿರುಗಿ ಗೇರ್ ನಿಂತರೆ ಹಿಡಿತ ಹೋಗಿದೆ. ಗೇರ್ ತಿರುಗುತ್ತಾ ಒಂದು ಕಡೆ ಟಕ್ ಎಂದು ಹಾರಿದರೆ ಬಿರುಕು ಇದೆ. ಬಿರುಕು ಸಾಮಾನ್ಯವಾಗಿ ಎರಡು ಹಲ್ಲಿನ ನಡುವಿನ ತಗ್ಗಿನಲ್ಲೇ ಬಿಡುತ್ತದೆ, ಬರಿಗಣ್ಣಿಗೆ ಕೂದಲು ಅಂಟಿದಂತೆ ಕಾಣುತ್ತದೆ.

ಯಾವ ಕಾರಣಕ್ಕೂ ಅಂಕಿಚಕ್ರಗಳನ್ನು ಬೆರಳಿನಿಂದ ನೂಕಬೇಡಿ. ಸಿಕ್ಕಿಕೊಂಡಿರುವಾಗ ನೂಕಿದರೆ ಪಿನಿಯನ್ನಿನ ಹಲ್ಲು ಹೋಗುತ್ತದೆ, ಆಗ ನಿಮ್ಮ ಅಂಕಿಯೂ ಹೋಯಿತು.

ರಾತ್ರಿಪಾಳಿ:
ಬಿರುಕು ಬಿಟ್ಟ ಗೇರಿಗೆ ಸೂಪರ್ ಗ್ಲೂ ಸಾಲದೇ?

ಲೇತ್_ಮನೆ:
ಸಾಲದು. ಆ ಗೇರುಗಳು ಬಹುತೇಕ ನೈಲಾನ್ ಅಥವಾ ಅದರಂಥ ಜಾರುವ ಪ್ಲಾಸ್ಟಿಕ್, ಅಂಟು ಅದನ್ನು ಹಿಡಿಯುವುದಿಲ್ಲ. ನಾಲ್ಕು ದಿನ ಓಡಿ ಮತ್ತೆ ನಿಲ್ಲುತ್ತದೆ. ಸೂಪರ್ ಗ್ಲೂವಿನ ಆವಿ ಮುಚ್ಚಿದ ಮೀಟರಿನೊಳಗೆ ಗಾಜಿನ ಮೇಲೂ ಕಪ್ಪು ಡಯಲಿನ ಮೇಲೂ ಬಿಳಿ ಪೊರೆ ಕಟ್ಟುತ್ತದೆ. ಲೋಹದ ಗೇರ್ ದಂಡದ ಮೇಲೆ ಜಾರುತ್ತಿದ್ದರೆ ಮಾತ್ರ ದಾರಿ ಇದೆ: ದಂಡದ ಆ ಭಾಗಕ್ಕೆ ಸಣ್ಣ ಗೀರು ಹೊಡೆದು ಒರಟು ಮಾಡಿ, ಬೇರಿಂಗ್ ಕೂರಿಸಲು ಬಳಸುವ ಅಂಟನ್ನು ಸೂಜಿಮೊನೆಯಲ್ಲಿ ಹಚ್ಚಿ ಗೇರ್ ಒತ್ತಬೇಕು. ಒಂದು ರಾತ್ರಿ ಒಣಗಲು ಬಿಡಿ.

ಪ್ಲಾಸ್ಟಿಕ್ ಗೇರಾದರೆ ಬದಲಿ ಗೇರೇ ಬೇಕು. ಇಲ್ಲಿ ಗುಜರಿ_ಗೆಳೆಯ ಅವರ ಸಲಹೆ ಉಪಯೋಗಕ್ಕೆ ಬರುತ್ತದೆ: ಹಳೆಯ ಮೀಟರ್ ತನ್ನಿ, ಪೂರ್ತಿ ಹಾಕಬೇಡಿ, ಅದರ ಗೇರ್ ಮಾತ್ರ ತೆಗೆದುಕೊಳ್ಳಿ. ಹಲ್ಲು ಎಣಿಸಿಕೊಂಡು ಹೋಗಿ, ಒಂದು ಹಲ್ಲು ಹೆಚ್ಚುಕಡಿಮೆಯಾದರೂ ಕಿಲೋಮೀಟರ್ ತಪ್ಪುತ್ತದೆ.

ಗುಜರಿ_ಗೆಳೆಯ:
ಧನ್ಯವಾದ ಅಕ್ಕಾ, ಗುಜರಿಯ ಮಾನ ಉಳಿಸಿದಿರಿ.

ಮುದ್ರಿತ_ಗೇರ್:
ಈಗ ಮೂರು ಆಯಾಮದ ಮುದ್ರಣ ಯಂತ್ರ ಇರುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಗೇರ್ ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಇಷ್ಟು ಸಣ್ಣ ಹಲ್ಲಿಗೆ ಪ್ಲಾಸ್ಟಿಕ್ ತಂತಿ ಕರಗಿಸುವ ಯಂತ್ರ ಬೇಡ, ದ್ರವ ರಾಳವನ್ನು ಗಟ್ಟಿ ಮಾಡುವ ಯಂತ್ರದಲ್ಲೇ ಮಾಡಿಸಿ.

ಲೇತ್_ಮನೆ:
ಸಾಧಾರಣ ರಾಳ ಗಟ್ಟಿಯಾಗಿದ್ದರೂ ಪೆಡಸು. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಮತ್ತೆ ಬಿರುಕು ಬಿಡುತ್ತದೆ. ಹಳೆಯ ಗೇರ್ ಸಿಗದಿದ್ದರೆ ಹಿತ್ತಾಳೆಯಲ್ಲಿ ಕಡೆಸುವುದು ಉತ್ತಮ ಎನ್ನುವುದು ನನ್ನ ಅಭಿಪ್ರಾಯ.

ಮುದ್ರಿತ_ಗೇರ್:
ಬಾಳಿಕೆಗೆಂದೇ ಮಾಡಿದ ಗಟ್ಟಿ ರಾಳಗಳು ಬಂದಿವೆ ಮೇಡಂ. ಹಿತ್ತಾಳೆಯ ಗೇರ್ ಗಟ್ಟಿಯಾಗಿ ಉಳಿದು, ಅದರ ಪಕ್ಕದ ಪ್ಲಾಸ್ಟಿಕ್ ಗೇರನ್ನು ತಿಂದುಹಾಕಬಹುದಲ್ಲವೇ?

ಲೇತ್_ಮನೆ:
ಎಣ್ಣೆ ಒಣಗಿದರೆ ತಿನ್ನುತ್ತದೆ, ಅದು ನಿಜ. ಅದಕ್ಕೇ ನನ್ನ ಮೊದಲ ಆಯ್ಕೆ ಹಳೆಯ ಮೀಟರಿನ ಗೇರೇ.

ಗೇರುಪೆಟ್ಟಿಗೆ:
ಎಣ್ಣೆಯ ಮಾತು ಬಂದಿದ್ದು ಒಳ್ಳೆಯದಾಯಿತು. ಮೀಟರಿನೊಳಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಅದೂ ದಂಡ ತಿರುಗುವ ಬುಷ್‌ಗೆ. ಆಯಸ್ಕಾಂತ ಮತ್ತು ಬಟ್ಟಲಿನ ನಡುವೆ ಎಣ್ಣೆ ಹೋದರೆ ಬಟ್ಟಲು ಅಂಟಿಕೊಂಡು ಮುಳ್ಳು ಏರಿ ಕೂರುತ್ತದೆ. ಕೇಬಲಿನ ಒಳತಂತಿಯನ್ನು ಹೊರಗೆಳೆದು ಸೀಮೆಎಣ್ಣೆಯಲ್ಲಿ ತೊಳೆದು ತೆಳುವಾಗಿ ಗ್ರೀಸ್ ಸವರಿ, ಆದರೆ ಮೀಟರ್ ಕಡೆಯ ಗೇಣುದ್ದ ಒಣಗಿಯೇ ಇರಲಿ. ಗ್ರೀಸ್ ಮೇಲಕ್ಕೆ ಹತ್ತಿ ಮೀಟರನ್ನು ಹಾಳುಮಾಡುತ್ತದೆ. ಚೌಕ ತುದಿ ಸವೆದು ದುಂಡಗಾಗಿದ್ದರೆ ಕೇಬಲನ್ನೇ ಬದಲಿಸಿ.

ಅಂಕಿ ಬರೆದ ಚಕ್ರಗಳಿಗೆ ಥಿನ್ನರ್, ಸ್ಪಿರಿಟ್ ಮುಟ್ಟಿಸಬೇಡಿ, ಅಂಕಿಯೇ ಅಳಿಸಿಹೋಗುತ್ತದೆ.

ಕಾವೇರಿ_ಕಡೆಯವ:
ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆಯೇ ಪರೀಕ್ಷಿಸಿ. ಹಳೆಯ ಕೇಬಲಿನ ತುಂಡನ್ನು ಡ್ರಿಲ್ ಯಂತ್ರಕ್ಕೆ ಕಚ್ಚಿಸಿ ಮೀಟರಿಗೆ ಕೊಡಿ. 800ರ ಮೂಲ ಜಪಾನಿನ ಸುಜುಕಿ, ಆ ಜಪಾನಿ ಲೆಕ್ಕದಲ್ಲಿ ಕಿಲೋಮೀಟರಿಗೆ ಕೇಬಲ್ 637 ಸುತ್ತು. ಅಂದರೆ ನಿಮಿಷಕ್ಕೆ 637 ಸುತ್ತು ಕೊಟ್ಟರೆ ಮುಳ್ಳು 60 ತೋರಿಸಬೇಕು, ಅಂಕಿ ನಿಮಿಷಕ್ಕೆ ಒಂದು ಕಿಲೋಮೀಟರ್ ಏರಬೇಕು. ಗಾಡಿಯಲ್ಲಿ ಕೇಬಲ್ ತಿರುಗುವ ದಿಕ್ಕಿಗೇ ತಿರುಗಿಸಿ, ಉಲ್ಟಾ ಕೊಟ್ಟರೆ ಮುಳ್ಳು ಗೂಟಕ್ಕೆ ಒತ್ತಿಕೊಳ್ಳುತ್ತದೆ.

ಗುಜರಿ_ಗೆಳೆಯ:
ಹಾಗಾದರೆ ಓಡಿಹೋದ ಕಿಲೋಮೀಟರನ್ನೂ ಡ್ರಿಲ್ಲಿನಲ್ಲೇ ಸೇರಿಸಿಬಿಡಬಹುದಲ್ಲ!

ಕಾವೇರಿ_ಕಡೆಯವ:
ಅದೇ ವೇಗದಲ್ಲಿ 1,000 ಕಿಲೋಮೀಟರಿಗೆ 16 ಗಂಟೆಗೂ ಹೆಚ್ಚು ಬೇಕು. ಡ್ರಿಲ್ಲೂ ಸುಡುತ್ತದೆ, ಮೀಟರಿನ ಬುಷ್ ಕೂಡ ಸವೆಯುತ್ತದೆ.

ಕರಿಕೋಟು:
ಸೇರಿಸುವುದೇ ಬೇಡ ಎನ್ನುತ್ತೇನೆ. ಅಂದಾಜಿನ ಅಂಕಿಯನ್ನು ಮೀಟರಿಗೆ ತುಂಬಿದರೆ ನಾಳೆ ಅದು ಅಂದಾಜು ಎಂದು ಯಾರಿಗೆ ಗೊತ್ತಾಗುತ್ತದೆ? ಡೈರಿಯಲ್ಲಿ ಬರೆದರೆ ಅಂದಾಜು ಅಂದಾಜಾಗಿಯೇ ಉಳಿಯುತ್ತದೆ.

ಪದ್ಮಿನಿ_ಪ್ರಿಯ:
ನಾನು ಒಪ್ಪುವುದಿಲ್ಲ. ಸೇರಿಸದಿದ್ದರೆ ಮೀಟರ್ ಕಡಿಮೆ ತೋರಿಸುತ್ತದೆ. ಡೈರಿ ಕಳೆದುಹೋದರೆ? ಕೊಳ್ಳುವವನು ನೋಡುವುದು ಮೀಟರನ್ನೇ. ಹೆಚ್ಚು ತೋರಿಸಿದರೆ ನಷ್ಟ ಮಾಲೀಕನಿಗೆ, ಕಡಿಮೆ ತೋರಿಸಿದರೆ ಕೊಳ್ಳುವವನಿಗೆ. ಪ್ರಾಮಾಣಿಕರು ಮುಂದಕ್ಕೇ ಒಯ್ಯಬೇಕು.

ಕರಿಕೋಟು:
ನಿಮ್ಮ ಮನಸ್ಸು ಒಳ್ಳೆಯದು. ಆದರೆ ತಿಂಗಳ ಓಟಕ್ಕೆ ಚಕ್ರ ನೂಕುವ ಅಪಾಯ ಬೇಕೇ? ಮೀಟರಿನ ಪಕ್ಕದಲ್ಲೇ ಸಣ್ಣ ಚೀಟಿ ಅಂಟಿಸಲಿ.

ಬೆಲ್ಟು_ಬಿಗಿ:
ಎಲ್ಲರೂ ಮಾರಾಟದ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹಾಗೆಯೇ ಓಡಿಸಿ ಎಂದ ಮೆಕ್ಯಾನಿಕ್ಕಿನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. 800ರ 796 ಸಿಸಿ ಎಂಜಿನ್ನಿಗೆ ಇರುವುದು ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ರಬ್ಬರ್ ಪಟ್ಟಿ), ಚೈನ್ ಅಲ್ಲ. ಅದು ಕಿಲೋಮೀಟರ್ ಲೆಕ್ಕದಲ್ಲಿ ಬದಲಾಗಬೇಕು. ಅಂಕಿ ನಿಂತ ಗಾಡಿಯಲ್ಲಿ ಬೆಲ್ಟ್ ಎಷ್ಟು ಓಡಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಆಗುಂಬೆ ಘಾಟಿಯ ನಡುವೆ ಹರಿದರೆ ಗಾಡಿ ಅಲ್ಲೇ. ಕೊನೆಯ ಬಾರಿ ಬೆಲ್ಟ್ ಹಾಕಿದ್ದು ಎಷ್ಟಕ್ಕೆ ಎಂದು ಡೈರಿಯಲ್ಲಿ ಇಂದೇ ನೋಡಿ.

ತುಂಗಾತೀರ:
ನೋಡಿದೆ. ಅಪ್ಪ ಬೆಲ್ಟ್ ಹಾಕಿಸಿದ್ದು 52,000ದ ಆಸುಪಾಸಿನಲ್ಲಿ, ಅದೂ ಹತ್ತು ವರ್ಷದ ಹಿಂದೆ. ಕಿಲೋಮೀಟರ್ ಏನೇ ಇರಲಿ, ಈ ವಾರವೇ ಬದಲಿಸುತ್ತೇನೆ. ಬಹಳ ಉಪಕಾರವಾಯಿತು.

ಟಯರ್_ತಿಮ್ಮ:
ಮೀಟರ್ ಸರಿಯಾದರೂ ಟಯರ್ ತಪ್ಪಿದ್ದರೆ ಅಂಕಿ ಸುಳ್ಳು ಹೇಳುತ್ತದೆ. 800ಕ್ಕೆ ಕಂಪನಿಯ ಅಳತೆ 145/70 ಆರ್12. ಎತ್ತರ ಸಿಗಲಿ ಎಂದು 145/80 ಹಾಕಿಸುವವರು ನಮ್ಮ ಕಡೆ ಇದ್ದಾರೆ. ಅದರ ಸುತ್ತಳತೆ ಸುಮಾರು ಶೇ 5.7ರಷ್ಟು ಹೆಚ್ಚು. ಮೀಟರ್ 100 ಎಂದಾಗ ಗಾಡಿ 105ಕ್ಕೂ ಹೆಚ್ಚು ಓಡಿರುತ್ತದೆ, ಮೈಲೇಜ್ ಲೆಕ್ಕವೂ ಕಡಿಮೆ ಬರುತ್ತದೆ.

ರಾತ್ರಿಪಾಳಿ:
ಓಹೋ, ಟಯರ್ ಬದಲಿಸಿದ ಮೇಲೆ ನನ್ನ ಗಾಡಿಯ ಮೈಲೇಜ್ ಇಳಿದದ್ದು ಇದಕ್ಕೇ ಇರಬೇಕು!

ಟಯರ್_ತಿಮ್ಮ:
ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು ಪರೀಕ್ಷಿಸಿ. ಒಂದೆರಡು ಕಲ್ಲು ಸಾಲದು, ಕಲ್ಲು ನೆಟ್ಟ ಜಾಗವೇ ಅತ್ತಿತ್ತ ಇರುತ್ತದೆ. ಕನಿಷ್ಠ ಹತ್ತು ಕಲ್ಲು ನೋಡಿ.

ತುಂಗಾತೀರ:
ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಭಾನುವಾರ ಮೀಟರ್ ಬಿಚ್ಚಿದೆವು, ಅಪ್ಪ ಟಾರ್ಚ್ ಹಿಡಿದಿದ್ದರು. ಲೇತ್_ಮನೆ ಮೇಡಂ ಹೇಳಿದಂತೆಯೇ ಇತ್ತು: ಅಡ್ಡ ದಂಡದ ಪ್ಲಾಸ್ಟಿಕ್ ಗೇರಿನಲ್ಲಿ, ಎರಡು ಹಲ್ಲಿನ ನಡುವೆ, ಅಂಚಿನಿಂದ ದಂಡದ ತೂತಿನವರೆಗೂ ಬಿರುಕು. ದಂಡದ ಮೇಲೆ ಅದು ಸಡಿಲವಾಗಿ ಆಡುತ್ತಿತ್ತು. ಶಿವಮೊಗ್ಗದ ಗುಜರಿಯಲ್ಲಿ ಗಾಜು ಒಡೆದ ಮೀಟರ್ ಸಿಕ್ಕಿತು, ಅದರ ಗೇರಿನ ಹಲ್ಲು ನಮ್ಮದಕ್ಕೆ ಸರಿಹೊಂದಿತು. ಕೇಬಲಿನ ಚೌಕ ತುದಿಯೂ ದುಂಡಗಾಗಿತ್ತು, ಸ್ಪ್ಯಾನರ್_ಸೆಟ್ ಸರ್, ನಿಮ್ಮ ಅನುಮಾನ ನಿಜವಾಯಿತು, ಹೊಸದು ಹಾಕಿದೆ. ಡ್ರಿಲ್ ಕೊಟ್ಟಾಗ ಐದೂ ಚಕ್ರ ಒಟ್ಟಿಗೆ ಹೊರಳಿ 90,000 ಬಂದು ಕೂತಿತು. ಅಪ್ಪ ಚಪ್ಪಾಳೆ ತಟ್ಟಿದರು.

ನಿಂತ ಮೇಲೆ ಓಡಿದ್ದನ್ನು ಹಾಕಿಸಿದ ಪೆಟ್ರೋಲಿನ ಲೆಕ್ಕದಿಂದ ಅಂದಾಜು ಮಾಡಿ ಡೈರಿಯಲ್ಲಿ ಬರೆದೆ. ಚಕ್ರ ಮುಟ್ಟಲಿಲ್ಲ. ಪದ್ಮಿನಿ_ಪ್ರಿಯ ಅವರ ಮಾತಿಗೆ ಬೆಲೆ ಕೊಟ್ಟು ಮೀಟರಿನ ಕೆಳಗೆ ಚೀಟಿಯನ್ನೂ ಅಂಟಿಸಿದ್ದೇನೆ.

ಪದ್ಮಿನಿ_ಪ್ರಿಯ:
ಚೀಟಿ ಬಿದ್ದುಹೋಗದಂತೆ ನೋಡಿಕೊಳ್ಳಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಕೆಲಸ ಚೆನ್ನಾಗಿ ಮಾಡಿದ್ದೀರಿ.

ಹೊಸಬ_ಹಾಸನ:
ನನ್ನದು ಅಂಕಿ ಪರದೆಯ ಮೇಲೆ ಬರುವ ಹಳೆಯ ಗಾಡಿ. ಮುಳ್ಳೂ ಏಳುವುದಿಲ್ಲ, ಅಂಕಿಯೂ ಏರುವುದಿಲ್ಲ. ಇದಕ್ಕೂ ಗೇರೇ?

ಗೇರುಪೆಟ್ಟಿಗೆ:
ಅಲ್ಲ. ನಿಮ್ಮದರಲ್ಲಿ ಕೇಬಲ್ ಬದಲು ವೇಗದ ಸೆನ್ಸರ್ ಇರುತ್ತದೆ. ಎರಡೂ ಒಟ್ಟಿಗೆ ನಿಂತಿದ್ದರೆ ಮೊದಲು ಗೇರ್ ಬಾಕ್ಸಿನ ಬಳಿ ಸೆನ್ಸರಿನ ಸಾಕೆಟ್ ಬಿಚ್ಚಿ, ಹಸಿರು ಕಿಲುಬು ಇದೆಯೇ ನೋಡಿ, ಉಜ್ಜಿ ಹಾಕಿ. ಅದರಿಂದ ಸರಿಹೋಗದಿದ್ದರೆ ಸೆನ್ಸರನ್ನು ಪರೀಕ್ಷಿಸಿ. ಗಾಡಿ ಯಾವುದು, ಯಾವ ವರ್ಷದ್ದು ಎಂದು ತಿಳಿಸಿ.

ಹೊಸಬ_ಹಾಸನ:
ಸಾಕೆಟ್ ಬಿಚ್ಚಿದೆ, ಪಿನ್ನು ಪೂರ್ತಿ ಹಸಿರಾಗಿದೆ. ಉಜ್ಜಿ ಹಾಕಿ ಸಂಜೆ ಓಡಿಸಿ ನೋಡಿ ಬರೆಯುತ್ತೇನೆ.